ಫ್ರಾನ್ಸಿನ ಹಳ್ಳಿ ದಾರಿಲಿ ಸೈಕಲ್: ಕಿಲೋಮೀಟರ್ ಆಮೇಲೆ, ಮೊದಲು ಗಡಿಯಾರ ನೋಡ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಲಿ ಫ್ರಾನ್ಸ್‌ನಲ್ಲಿ ಸೈಕಲ್ ಪ್ರವಾಸ ಮಾಡೋದರ ಬಗ್ಗೆ ಬಂದಿದ್ದ ಬರಹ ಓದಿದೆ. ಬರಹ ಚೆನ್ನಾಗೇ ಇತ್ತು, ಫೋಟೋಗಳಂತೂ ಇನ್ನೂ ಚೆನ್ನಾಗಿದ್ವು, ಆದ್ರೆ ಓದಿ ಮುಗಿಸಿದವರಿಗೆ ಏನನ್ಸುತ್ತೆ ಅಂದ್ರೆ ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ತುಳಿಯೋ ತಾಕತ್ತಿರಬೇಕು, ಕಾರ್ಬನ್ ಫ್ರೇಮ್ ಇರೋ ಸೈಕಲ್ ಬೇಕು, ಜೊತೆಗೆ ಒಂದು ಗುಂಪು ಬೇಕು, ಇದ್ಯಾವುದೂ ಇಲ್ಲಾಂದ್ರೆ ಆ ಕಡೆ ತಲೆ ಹಾಕಿ ಮಲಗೋದೂ ಬೇಡ ಅಂತ. ನಾನು 2024ರ ಬೇಸಿಗೆಲಿ ಒಬ್ಬಳೇ, ಸಾಧಾರಣ ಸ್ಟೀಲ್ ಸೈಕಲ್ಲಿಗೆ ಎರಡು ಪ್ಯಾನಿಯರ್ ಬ್ಯಾಗ್ ನೇತು ಹಾಕ್ಕೊಂಡು, ಅಟ್ಲಾಂಟಿಕ್ ತೀರದಿಂದ ಸ್ವಿಸ್ ಗಡಿವರೆಗೂ ಹೋದವಳು. ವಯಸ್ಸು ಐವತ್ತು ದಾಟಿದೆ, ಬಲಗಾಲಿನ ಮಂಡಿ ಆಗಾಗ ತಕರಾರು ತೆಗೆಯುತ್ತೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಜಾಗ ಸಾಲದಿದ್ರೆ ಅರಮನೆಗಳ ಬಗ್ಗೆ ಬರೆದಿರೋದನ್ನ ಕತ್ತರಿಸಿ, ಊಟದ ಬಗ್ಗೆ ಬರೆದಿರೋದನ್ನ ದಯವಿಟ್ಟು ಮುಟ್ಟಬೇಡಿ.

ನಾನು ಹೇಳಬೇಕಾಗಿರೋದು ಒಂದೇ. ಆ ದಾರಿಲಿ ಕಾಲು ಸೋಲಲ್ಲ, ಮೊದಲ ವಾರ ಕಳೆಯೋಷ್ಟ್ರಲ್ಲಿ ಕಾಲು ತಾನಾಗೇ ಪಳಗುತ್ತೆ. ಮನುಷ್ಯರನ್ನ ಸುಸ್ತು ಮಾಡೋದು ಅಲ್ಲಿನ ಹಳ್ಳಿಗಳ ಟೈಮಿಂಗು. ಯಾವ ಅಂಗಡಿ ಎಷ್ಟೊತ್ತಿಗೆ ಬಾಗಿಲು ಹಾಕುತ್ತೆ, ಯಾವ ವಾರ ತೆಗೆಯೋದೇ ಇಲ್ಲ, ಅಡುಗೆಮನೆ ಎಷ್ಟು ಗಂಟೆಗೆ ಒಲೆ ಆರಿಸುತ್ತೆ, ಇದು ಗೊತ್ತಿದ್ರೆ ದಿನಕ್ಕೆ ಐವತ್ತೇ ಕಿಲೋಮೀಟರ್ ತುಳಿಯೋರೂ ಆರಾಮಾಗಿ ದೇಶ ದಾಟಬಹುದು. ಗೊತ್ತಿಲ್ಲಾಂದ್ರೆ ಎಂಥಾ ಗಟ್ಟಿ ಸೈಕಲಿಸ್ಟೂ ಭಾನುವಾರ ಸಾಯಂಕಾಲ ಚರ್ಚಿನ ಮೆಟ್ಟಿಲ ಮೇಲೆ ಕೂತು ಬ್ಯಾಗಿನ ತಳದಲ್ಲಿ ಬಿಸ್ಕತ್ ಚೂರು ಹುಡುಕ್ತಾ ಇರ್ತಾರೆ.

ಮೊದಲು ದಾರಿ ಹೇಳ್ಬಿಡ್ತೀನಿ. ಯೂರೋವೆಲೋ 6 ಅಂತ ಒಂದು ಸೈಕಲ್ ಮಾರ್ಗ ಇದೆ, ಫ್ರಾನ್ಸಿನ ಅಟ್ಲಾಂಟಿಕ್ ತೀರದಿಂದ ರೊಮೇನಿಯಾದ ಕಪ್ಪು ಸಮುದ್ರದವರೆಗೆ, ಒಟ್ಟು ನಾಲ್ಕು ಸಾವಿರ ಕಿಲೋಮೀಟರಿಗೂ ಜಾಸ್ತಿ. ಅದರ ಫ್ರಾನ್ಸ್ ಭಾಗ ಮಾತ್ರ ನಾನು ಹೋಗಿದ್ದು. ಅದರಲ್ಲಿ ಮೊದಲಿನದು ಲುವಾರ್ ನದಿ ಪಕ್ಕದ 'ಲುವಾರ್ ಆ ವೆಲೋ', ಸುಮಾರು 900 ಕಿಲೋಮೀಟರ್, ಸಮುದ್ರದ ಹತ್ತಿರದ ಸೇನ್-ಬ್ರೆವಾನಿಂದ ನೆವೇರ್ ಊರಿನ ಹತ್ತಿರದ ಕ್ಯುಫಿವರೆಗೆ. ಸೇನ್-ಬ್ರೆವಾನ್ ಕಡಲತೀರದಲ್ಲಿ ಹುವಾಂಗ್ ಯೋಂಗ್ ಪಿಂಗ್ ಅನ್ನೋ ಚೀನಾ ಮೂಲದ ಕಲಾವಿದ 2012ರಲ್ಲಿ ಮಾಡಿದ ದೊಡ್ಡ ಹಾವಿನ ಅಸ್ಥಿಪಂಜರ ಇದೆ, ಅಲ್ಯೂಮಿನಿಯಂದು, ಸಮುದ್ರ ಇಳಿದಾಗ ಪೂರ್ತಿ ಕಾಣುತ್ತೆ, ಉಬ್ಬರ ಬಂದಾಗ ಅರ್ಧ ಮುಳುಗಿರುತ್ತೆ. ಜನ ಅಲ್ಲಿಂದ ಸೆಲ್ಫಿ ತಗೊಂಡು ಹೊರಡ್ತಾರೆ, ನಾನೂ ತಗೊಂಡೆ.

ಆ ಬರಹದಲ್ಲಿ ನದಿ ಹರಿಯೋ ಕಡೆಗೇ, ಅಂದ್ರೆ ಪೂರ್ವದಿಂದ ಪಶ್ಚಿಮಕ್ಕೆ ಹೋಗಿ, ಇಳಿಜಾರು ಸಿಗುತ್ತೆ ಅಂತ ಬರೆದಿದ್ರು. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಇಳಿಜಾರು ಎಷ್ಟು ಕಮ್ಮಿ ಅಂದ್ರೆ ಕಾಲಿಗೆ ಗೊತ್ತೂ ಆಗಲ್ಲ, ಆದ್ರೆ ಅಲ್ಲಿ ಗಾಳಿ ಹೆಚ್ಚಿನ ದಿನ ಪಶ್ಚಿಮದಿಂದ ಬೀಸುತ್ತೆ, ಅದು ಎದೆಗೆ ಬಂದ್ರೆ ಚೆನ್ನಾಗೇ ಗೊತ್ತಾಗುತ್ತೆ. ಸಮುದ್ರದ ಕಡೆಯಿಂದ ಶುರು ಮಾಡಿದ್ರೆ ಬೆನ್ನಿಗೆ ಗಾಳಿ. ಅದೇ ರೋನ್ ನದಿ ಪಕ್ಕದ ವಿಯಾರೋನಾ ಅನ್ನೋ ಸೈಕಲ್ ದಾರಿ ಹಿಡಿಯೋದಾದ್ರೆ ಉತ್ತರದಿಂದ ದಕ್ಷಿಣಕ್ಕೇ ಹೋಗಬೇಕು, ಅಲ್ಲಿ ಮಿಸ್ತ್ರಾಲ್ ಅನ್ನೋ ಗಾಳಿ ಉತ್ತರದಿಂದ ಕಣಿವೆ ಉದ್ದಕ್ಕೂ ಬೀಸುತ್ತೆ, ಅದಕ್ಕೆ ಎದುರು ನಿಂತವರು ಸೈಕಲ್ ಇಳಿದು ತಳ್ಳೋದೇ.

ಈಗ ಗಡಿಯಾರಕ್ಕೆ ಬರ್ತೀನಿ. ಹಳ್ಳಿ ಕಡೆ ಹನ್ನೆರಡರಿಂದ ಎರಡು ಅಂದ್ರೆ ಊಟದ ಹೊತ್ತು, ಆಗ ಪೋಸ್ಟ್ ಆಫೀಸು, ದಿನಸಿ ಅಂಗಡಿ, ಮೇರಿ ಅಂತ ಕರೆಯೋ ಪಂಚಾಯ್ತಿ ಆಫೀಸು ಎಲ್ಲ ಬಂದ್. ಕೆಲವು ಅಂಗಡಿ ಹನ್ನೆರಡೂವರೆಗೆ ಹಾಕಿ ಮೂರು, ಮೂರೂವರೆಗೆ ತೆಗೆಯುತ್ತೆ. ಹಾಗಾಗಿ ಮಧ್ಯಾಹ್ನಕ್ಕೆ ಬ್ರೆಡ್ಡು ಚೀಸು ಟೊಮ್ಯಾಟೊ ಬೇಕಂದ್ರೆ ಹನ್ನೊಂದೂವರೆ ಒಳಗೆ ತಗೊಂಡು ಬ್ಯಾಗಿಗೆ ಹಾಕ್ಕೊಂಡಿರಬೇಕು. ಬುಲಾಂಜರಿ, ಅಂದ್ರೆ ಬ್ರೆಡ್ ಬೇಕರಿ, ಬೆಳಿಗ್ಗೆ ಬೇಗ ತೆಗೆಯುತ್ತೆ, ಏಳಕ್ಕೆಲ್ಲ ಬಿಸಿ ಬಾಗೆತ್, ಅಂದ್ರೆ ಕೋಲಿನಂಥ ಉದ್ದನೆ ಬ್ರೆಡ್, ಸಿಗುತ್ತೆ, ಒಂದು ಯೂರೋ ಆಸುಪಾಸು. ಆದ್ರೆ ವಾರಕ್ಕೊಂದು ದಿನ ಅದಕ್ಕೂ ರಜ, ಹೆಚ್ಚು ಕಡೆ ಸೋಮವಾರ. ಒಂದೇ ಊರಲ್ಲಿ ಎರಡು ಬೇಕರಿ ಇದ್ರೆ ಒಬ್ಬರು ಸೋಮವಾರ ಇನ್ನೊಬ್ಬರು ಬುಧವಾರ ಹೀಗೆ ಹಂಚ್ಕೊಂಡಿರ್ತಾರೆ, ಊರಿಗೊಂದೇ ಇದ್ರೆ ಮುಗೀತು. ಭಾನುವಾರ ದಿನಸಿ ಅಂಗಡಿಗಳಿಗೆ ಕಾನೂನು ಪ್ರಕಾರ ಕೆಲಸದವರನ್ನ ಇಟ್ಕೊಂಡು ಮಧ್ಯಾಹ್ನ ಒಂದು ಗಂಟೆವರೆಗೆ ತೆಗೆಯೋಕೆ ಅವಕಾಶ, ಸಣ್ಣ ಊರಲ್ಲಿ ಅದಾದ್ಮೇಲೆ ಶಟರ್ ಎಳೆದ್ರೆ ಸೋಮವಾರ ಮಧ್ಯಾಹ್ನ, ಕೆಲವು ಸಲ ಮಂಗಳವಾರವೇ ಮತ್ತೆ ತೆಗೆಯೋದು. ಅಂದ್ರೆ ಶನಿವಾರ ಸಾಯಂಕಾಲ ನೀವು ಯಾವ ಊರಲ್ಲಿದ್ದೀರ ಅನ್ನೋದು ಮುಂದಿನ ಎರಡು ದಿನದ ಹೊಟ್ಟೆಪಾಡು. ಮೇ ತಿಂಗಳಲ್ಲಂತೂ ಒಂದನೇ ತಾರೀಕು ರಜ, ಎಂಟಕ್ಕೆ ರಜ, ಈಸ್ಟರ್ ಲೆಕ್ಕದಲ್ಲಿ ಬರೋ ಅಸೆನ್ಶನ್ ಅನ್ನೋ ಕ್ರೈಸ್ತ ಹಬ್ಬದ ಗುರುವಾರದ ರಜಕ್ಕೆ ಶುಕ್ರವಾರನೂ ಸೇರಿಸ್ಕೊಂಡು ಇಡೀ ಊರೇ ಖಾಲಿ.

ರೆಸ್ಟೋರೆಂಟ್ ಕಥೆಯೂ ಇದೇ. ಮಧ್ಯಾಹ್ನ ಹನ್ನೆರಡರಿಂದ ಒಂದೂಮುಕ್ಕಾಲರ ಒಳಗೆ ಹೋಗಿ ಕೂತ್ರೆ ಪ್ಲಾ ದು ಜೂರ್, ಅಂದ್ರೆ ಆ ದಿನದ ಊಟ, ಹದಿನೈದು ಯೂರೋ ಆಸುಪಾಸಿಗೆ ಹೊಟ್ಟೆ ತುಂಬ ಸಿಗುತ್ತೆ, ನೀರು ಬ್ರೆಡ್ಡು ಫ್ರೀ. ಎರಡೂಕಾಲಿಗೆ ಹೋದ್ರೆ ಟೇಬಲ್ಲು ಖಾಲಿ ಇರುತ್ತೆ, ಓನರ್ ನಗ್ತಾನೂ ಇರ್ತಾರೆ, ಊಟ ಮಾತ್ರ ಇಲ್ಲ, ಕಿಚನ್ ಕ್ಲೋಸ್ ಅಂದ್ರೆ ಕ್ಲೋಸ್. ಬೇಡ್ಕೊಂಡ್ರೂ ಒಂದು ಆಮ್ಲೆಟ್ ಹುಟ್ಟಲ್ಲ. ರಾತ್ರಿ ಊಟ ಏಳಕ್ಕೆ ಮುಂಚೆ ಇಲ್ಲ, ಅಷ್ಟೊತ್ತಿಗೆ ಬೆಳಿಗ್ಗೆಯಿಂದ ತುಳಿದವರಿಗೆ ಕಣ್ಣು ಎಳೀತಿರುತ್ತೆ. ಇದನ್ನ ಅಹಂಕಾರ ಅಂತ ಬೈಯೋರನ್ನ ನೋಡಿದ್ದೀನಿ, ನನಗೆ ಹಾಗನ್ಸಲ್ಲ. ಅಡುಗೆ ಮಾಡೋರೂ ಎರಡು ಗಂಟೆ ಮೇಲೆ ಕೂತು ಉಣ್ಣಬೇಕಲ್ವಾ.

ಅಂಗಡಿನೇ ಇಲ್ಲದ ಹಳ್ಳಿಗಳೂ ಬೇಕಾದಷ್ಟು. ಫ್ರಾನ್ಸಲ್ಲಿ ಕಮ್ಯೂನ್ ಅನ್ನೋ ಸ್ಥಳೀಯ ಆಡಳಿತದ ಊರುಗಳು ಸುಮಾರು 35 ಸಾವಿರ, ಅದರಲ್ಲಿ ತುಂಬಾ ಊರುಗಳಲ್ಲಿ ಜನ ಐನೂರೂ ಇಲ್ಲ. 1960ರ ಹೊತ್ತಿಗೆ ದೇಶದಲ್ಲಿ ಎರಡು ಲಕ್ಷದಷ್ಟು ಕೆಫೆ ಇದ್ವಂತೆ, ಈಗ ಸುಮಾರು ನಲವತ್ತು ಸಾವಿರಕ್ಕೆ ಇಳಿದಿದೆ. ಮ್ಯಾಪಲ್ಲಿ ಊರ ಹೆಸರು ದಪ್ಪ ಅಕ್ಷರದಲ್ಲಿದೆ, ಕಾಫಿ ಕುಡಿಯೋಣ ಅಂತ ಹೋದ್ರೆ ಕಾಫಿ ಬೋರ್ಡ್ ಗೋಡೆ ಮೇಲೆ ಮಾಸಿ ಹೋಗಿದೆ, ಕಿಟಕಿಗೆ ಹಲಗೆ ಹೊಡೆದಿದಾರೆ. ಬೇಕರಿ ಮುಚ್ಚಿದ ಕಡೆ ಬಾಗೆತ್ ಮಶೀನ್ ಇಟ್ಟಿರ್ತಾರೆ, ಕಾಸು ಹಾಕಿದ್ರೆ ಬ್ರೆಡ್ಡು ಬೀಳುತ್ತೆ, ಪಿಜ್ಜಾ ಮಶೀನೂ ನೋಡಿದೆ. 2022ರಲ್ಲಿ ಬಾಗೆತ್ ಮಾಡೋ ಕಲೆಗೆ ಯುನೆಸ್ಕೋ ಮಾನ್ಯತೆ ಬಂತು, ಅದೇ ಬಾಗೆತ್ ಬಸ್ ಸ್ಟಾಪ್ ಪಕ್ಕದ ಡಬ್ಬಿಯಿಂದ ಧಡಾರಂತ ಬೀಳೋದು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹಸಿದಿದ್ದೆ, ತಿಂದೆ, ಚೆನ್ನಾಗೇ ಇತ್ತು.

ನೀರಿನ ವಿಷಯ ನಿಮ್ಮ ಬರಹದಲ್ಲಿ ಇರಲೇ ಇಲ್ಲ. ಹಳ್ಳಿಲಿ ನೀರು ಬೇಕಂದ್ರೆ ಸ್ಮಶಾನಕ್ಕೆ ಹೋಗಬೇಕು. ತಮಾಷೆ ಅಲ್ಲ, ಸಮಾಧಿ ಮೇಲಿನ ಹೂವಿನ ಕುಂಡಗಳಿಗೆ ಹಾಕೋಕೆ ಅಂತ ಪ್ರತಿ ಸ್ಮಶಾನದ ಗೇಟಿನ ಹತ್ತಿರ ನಲ್ಲಿ ಇರುತ್ತೆ, ಅಲ್ಲಿನ ಸೈಕಲಿನವರೆಲ್ಲ ಬಾಟಲ್ ತುಂಬಿಸೋದು ಅಲ್ಲೇ. 'ಓ ನೋನ್ ಪೋತಾಬ್ಲ್' ಅಂತ ಬೋರ್ಡಿದ್ರೆ ಮಾತ್ರ ಕುಡಿಯೋ ಹಾಗಿಲ್ಲ. ಮೊದಲ ಸಲ ಒಂಥರಾ ಆಯ್ತು, ಆಮೇಲೆ ಮ್ಯಾಪಲ್ಲಿ ಶಿಲುಬೆ ಗುರುತು ಕಂಡ್ರೆ ಬಾಯಾರಿಕೆ ಆಗೋಕೆ ಶುರುವಾಯ್ತು.

ಸಸ್ಯಾಹಾರಿಗಳು ಏನ್ ಮಾಡೋದು ಅಂತ ಕೇಳೋರಿಗೆ: ಮೇಕೆ ಹಾಲಿನ ಚೀಸ್ ಬಿಸಿ ಮಾಡಿ ಹಾಕಿರೋ ಸಲಾಡ್ ಹೆಚ್ಚುಕಮ್ಮಿ ಎಲ್ಲ ಕಡೆ ಇರುತ್ತೆ, ಆದ್ರೆ ಅದಕ್ಕೂ ಲಾರ್ದೋನ್ ಅಂತ ಹಂದಿ ಮಾಂಸದ ಚೂರು ಹಾಕ್ಬಿಡ್ತಾರೆ, ಮೊದಲೇ ಬೇಡ ಅನ್ಬೇಕು. ಕೀಶ್ ಲೊರೇನ್ ಅನ್ನೋ ಮೊಟ್ಟೆ-ಕ್ರೀಮ್ ತುಂಬಿದ ಟಾರ್ಟ್‌ನಲ್ಲೂ ಅದೇ. ತುಂಬಾ ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು, ಕೋಂತೆ ಥರದ ಹಳೇ ಪದ್ಧತಿ ಚೀಸ್‌ಗಳಲ್ಲಿ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ. ಇಷ್ಟಾದ್ರೂ ಒಂದು ಸಮಾಧಾನ ಇದೆ. ಸೈಕಲ್ಲಲ್ಲಿ ದೂರ ಪ್ರವಾಸ ಹೋಗೋದನ್ನ ಫ್ರಾನ್ಸಿಗೆ ಕಲಿಸಿದ ದೊಡ್ಡ ಮನುಷ್ಯ ಪೌಲ್ ದ ವಿವಿ, ವೆಲೋಸಿಯೋ ಅನ್ನೋದು ಅವರ ಕಾವ್ಯನಾಮ, ಸೇನ್-ಎತಿಯೆನ್ ಊರಿನವರು, 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡವರು, ಅವರು ಪಕ್ಕಾ ಸಸ್ಯಾಹಾರಿ. ರೇಸಿನವರು ಗೇರ್ ಅಂದ್ರೆ ಮೂಗು ಮುರೀತಿದ್ದ ಕಾಲದಲ್ಲಿ ಗೇರ್ ಬೇಕೇ ಬೇಕು ಅಂತ ವಾದಿಸಿದವರು ಅವರು. ಟೂರ್ ದ ಫ್ರಾನ್ಸ್ ರೇಸಲ್ಲಿ ಡೆರೇಲಿಯರ್ ಗೇರಿಗೆ, ಅಂದ್ರೆ ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಗೇರಿಗೆ, ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ, ಅಂದ್ರೆ ಅವರು ಹೋದ ಮೇಲೆ. ಹಸಿವಾಗೋಕೆ ಮುಂಚೆ ತಿನ್ನಿ, ಬಾಯಾರೋಕೆ ಮುಂಚೆ ಕುಡೀರಿ, ಜಂಭಕ್ಕೋಸ್ಕರ ತುಳೀಬೇಡಿ ಅಂತ ಅವರು ಹೇಳಿದ್ದು ಈಗಲೂ ಅಲ್ಲಿನ ಕ್ಲಬ್ಬುಗಳಲ್ಲಿ ಹೇಳ್ತಾರೆ. ನಿಮ್ಮ ಕ್ರೀಡಾ ಪುಟದಲ್ಲಿ ಪ್ರತಿ ಜುಲೈ ಹಳದಿ ಜೆರ್ಸಿ ಫೋಟೋ ಬರುತ್ತಲ್ಲ, ಒಂದು ಸಲ ಇವರದ್ದೂ ಹಾಕಿ.

ರಸ್ತೆ ಸೇಫಾ ಅಂತ ಕೇಳ್ತಾರೆ. ಲುವಾರ್ ದಾರಿಲಿ ಬಹುಪಾಲು ಕಾರಿಲ್ಲದ ದಾರಿ ಅಥವಾ ಕಾರೇ ಅಪರೂಪದ ಊರೊಳಗಿನ ರಸ್ತೆ. ಅದು ಬಿಟ್ಟು ಹೊರಗೆ ಹೋದ್ರೆ ಡಿ ಅಕ್ಷರದ ರಸ್ತೆಗಳು, ಅಂದ್ರೆ ಜಿಲ್ಲಾ ರಸ್ತೆಗಳು, ನಂಬರ್ ಉದ್ದ ಇದ್ದಷ್ಟೂ ಸಾಮಾನ್ಯವಾಗಿ ಟ್ರಾಫಿಕ್ ಕಮ್ಮಿ. ಊರ ಹೊರಗೆ ಕಾರಿನವರು ಸೈಕಲ್ಲಿಂದ ಒಂದೂವರೆ ಮೀಟರ್, ಊರೊಳಗೆ ಒಂದು ಮೀಟರ್ ಬಿಟ್ಟೇ ಓವರ್‌ಟೇಕ್ ಮಾಡಬೇಕು ಅಂತ ರೂಲ್ ಇದೆ, ಬಹಳಷ್ಟು ಜನ ಪಾಲಿಸ್ತಾರೆ. 2015ರಿಂದ ಸೈಕಲ್ ದಾಟೋಕೆ ಅಂತ ನಡುವಿನ ಬಿಳಿ ಗೆರೆ ದಾಟೋದಕ್ಕೂ ಅವರಿಗೆ ಅನುಮತಿ ಇದೆ. ನಮಗೂ ರೂಲ್ಸ್ ಇದೆ: ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ತುಳಿದ್ರೆ 135 ಯೂರೋ ದಂಡ, ಕತ್ತಲಾದ್ಮೇಲೆ ಊರ ಹೊರಗೆ ಹೊಳೆಯೋ ಜಾಕೆಟ್ ಕಡ್ಡಾಯ, ಬೆಲ್ ಇರಲೇಬೇಕು. ಎಲ್ಲಕ್ಕಿಂತ ಹುಷಾರಾಗಿರಬೇಕಾದ್ದು ಬಲಗಡೆಯವರಿಗೆ ಮೊದಲ ದಾರಿ ಅನ್ನೋ ನಿಯಮಕ್ಕೆ. ಹಳ್ಳಿ ಒಳಗೆ ಯಾವ ಬೋರ್ಡೂ ಇಲ್ಲದ ಕ್ರಾಸಲ್ಲಿ ಬಲಗಡೆ ಸಂದಿಯಿಂದ ಟ್ರ್ಯಾಕ್ಟರ್ ಬಂದ್ರೆ ನಿಲ್ಲಬೇಕಾದವರು ನೀವು, ನೀವು ದೊಡ್ಡ ರಸ್ತೆಲಿದ್ರೂ ಅಷ್ಟೇ. ಇನ್ನು ಸೆಪ್ಟೆಂಬರ್ ಆದ್ಮೇಲೆ ಬೇಟೆ ಸೀಸನ್, ಕಾಡಿನ ಅಂಚಲ್ಲಿ ಬೇಟೆ ನಡೀತಿದೆ ಅಂತ ಬೋರ್ಡ್ ಹಾಕಿರ್ತಾರೆ, ಆಗ ಕಣ್ಣಿಗೆ ಹೊಡೆಯೋ ಬಣ್ಣದ ಬಟ್ಟೆ ಹಾಕ್ಕೊಳ್ಳೋದು ಒಳ್ಳೇದು.

ಏರು ಎಲ್ಲಿದೆ ಅಂತ ತಿಳಿಯೋಕೆ ಮೊಬೈಲ್ ಆಪ್‌ಗಿಂತ ನನಗೆ ಮಿಶೆಲಿನ್ ಕಂಪನಿಯ ಪೇಪರ್ ಮ್ಯಾಪೇ ಹಿಡಿಸ್ತು. ರಸ್ತೆ ಗೆರೆ ಮೇಲೆ ಬಾಣದ ಗುರುತು ಇರುತ್ತೆ, ಒಂದು ಬಾಣ ಅಂದ್ರೆ ನೂರಕ್ಕೆ ಐದರಿಂದ ಒಂಬತ್ತು ಏರು, ಎರಡು ಅಂದ್ರೆ ಒಂಬತ್ತರಿಂದ ಹದಿಮೂರು, ಮೂರು ಕಂಡ್ರೆ ಬೇರೆ ದಾರಿ ಹುಡುಕಿ. ಪಕ್ಕದಲ್ಲಿ ಹಸಿರು ಗೆರೆ ಇದ್ರೆ ನೋಡೋಕೆ ಚಂದದ ರಸ್ತೆ ಅಂತ.

ಅರಮನೆಗಳ ವಿಷಯ. ಶಾಂಬೋರ್, ಬ್ಲುವಾ, ಆಂಬುವಾಜ್, ವಿಲಾಂದ್ರಿ, ಸೋಮ್ಯೂರ್, ಒಂದಾದ ಮೇಲೊಂದು ಬರ್ತಾನೇ ಇರುತ್ತೆ, ಸುಳ್ಳಿ-ಸ್ಯುರ್-ಲುವಾರಿಂದ ಶಾಲೊನ್-ಸ್ಯುರ್-ಲುವಾರ್‌ವರೆಗಿನ ಕಣಿವೆ 2000ದಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದೆ. ಎರಡು ನೋಡಿ ಸಾಕು ಮಾಡಿ, ಮೂರನೇದರಲ್ಲಿ ಯಾವ ರಾಜ ಯಾವ ಮಂಚದಲ್ಲಿ ಮಲಗಿದ್ದ ಅಂತ ಎಲ್ಲ ಕಲಸುಮೇಲೋಗರ ಆಗುತ್ತೆ. ಅದೇ ನದಿ ದಡದಲ್ಲಿ ನಾಲ್ಕು ಅಣು ವಿದ್ಯುತ್ ಸ್ಥಾವರಗಳಿವೆ, ದೊಡ್ಡ ದೊಡ್ಡ ಕೂಲಿಂಗ್ ಟವರ್‌ಗಳ ಆವಿ ತುಂಬಾ ದೂರದಿಂದ ಕಾಣುತ್ತೆ, ಪ್ರವಾಸದ ಬ್ರೋಶರ್‌ನಲ್ಲಿ ಅದರ ಒಂದು ಫೋಟೋನೂ ಇರಲ್ಲ. ನನಗೆ ಅರಮನೆಗಿಂತ ಇಷ್ಟ ಆಗಿದ್ದು ಬ್ರಿಯಾರ್‌ನ ಕಾಲುವೆ ಸೇತುವೆ. ನದಿ ಮೇಲೆ ಸೇತುವೆ, ಸೇತುವೆ ಮೇಲೆ ನೀರು, ಆ ನೀರಲ್ಲಿ ದೋಣಿ ಹೋಗುತ್ತೆ, 662 ಮೀಟರ್ ಉದ್ದ, 1896ರಿಂದ ಇದೆ, ಅದರ ಕಂಬಗಳ ಕಲ್ಲುಕೆಲಸ ಮಾಡಿದ್ದು ಐಫೆಲ್ ಕಂಪನಿ. ಐಫೆಲ್ ಅಂದ್ರೆ ಟವರ್ ಮಾತ್ರ ಅಂದ್ಕೊಂಡವರು ಇದನ್ನ ನೋಡಬೇಕು.

ನೆವೇರ್ ದಾಟಿದ ಮೇಲೆ ಬೋರು, ಬರೀ ಕಾಲುವೆ, ರೈಲು ಹತ್ತಿಬಿಡಿ ಅಂತ ನಿಮ್ಮ ಬರಹಗಾರರು ಹೇಳಿದ್ರು. ನನ್ನ ಪ್ರಕಾರ ಪ್ರವಾಸ ಶುರುವಾಗೋದೇ ಅಲ್ಲಿ. ಲುವಾರ್‌ನಲ್ಲಿ ಬೇಸಿಗೆಲಿ ಜನಜಂಗುಳಿ, ಇ-ಬೈಕ್ ಗುಂಪುಗಳು, ಟ್ರೇಲರ್‌ನಲ್ಲಿ ಮಕ್ಕಳು ನಾಯಿಗಳು. ನೆವೇರ್ ಆದ್ಮೇಲೆ ಕಾಲುವೆ ಪಕ್ಕ ನೀವು, ಮರಗಳು, ಬೇಲಿಯಾಚೆ ಬಿಳೀ ಶರೊಲೆ ದನಗಳು, ಅಷ್ಟೇ. ದಿಗ್ವಾನ್, ಪಾರೆ-ಲ-ಮೋನಿಯಾಲ್, ಶಾಲೋನ್-ಸ್ಯುರ್-ಸೋನ್, ಆಮೇಲೆ ಲೂಯಿ ಪಾಶ್ಚರ್ ಹುಟ್ಟಿದ ದೋಲ್, ವೋಬಾನ್ ಅನ್ನೋ ಹೆಸರಾಂತ ಕೋಟೆ ಎಂಜಿನಿಯರ್ ಕಟ್ಟಿದ ಕೋಟೆ ತಲೆ ಮೇಲೆ ಹೊತ್ತ ಬೆಸಾನ್ಸೋನ್, ದೂ ನದಿ ಅಲ್ಲಿ ಹಳೇ ಊರನ್ನ ಹೆಚ್ಚುಕಮ್ಮಿ ಪೂರ್ತಿ ಸುತ್ತಿ ಹಾಕ್ಕೊಂಡಿದೆ. ದಿಗ್ವಾನ್ ಹತ್ತಿರ ಶನಿವಾರ ಸಾಯಂಕಾಲ ನನ್ನ ಹಿಂದಿನ ಚಕ್ರದ ಒಂದು ಕಡ್ಡಿ ಮುರೀತು. ಭಾನುವಾರ ರಜ ಸರಿ, ಸೈಕಲ್ ಶಾಪುಗಳಿಗೂ ಸೋಮವಾರ ರಜ ಇರುತ್ತೆ ಅಂತ ಕ್ಯಾಂಪಿಂಗ್ ನೋಡ್ಕೊಳ್ಳೋರು ಹೇಳಿದಾಗ ನಕ್ಕು ಸುಮ್ಮನಾದೆ. ಎರಡು ದಿನ ಕಾಲುವೆ ದಡದಲ್ಲಿ ಬಟ್ಟೆ ಒಗೆದು ಒಣಗಿಸ್ಕೊಂಡು, ನೀರಿನ ಮಟ್ಟ ಏರಿಸಿ ಇಳಿಸೋ ಲಾಕ್‌ಗೇಟಲ್ಲಿ ದೋಣಿ ಏರೋದು ಇಳಿಯೋದು ನೋಡ್ಕೊಂಡು ಕೂತಿದ್ದೆ. ಮಂಗಳವಾರ ಬೆಳಿಗ್ಗೆ ಹತ್ತು ನಿಮಿಷದ ಕೆಲಸ.

ಉಳ್ಕೊಳ್ಳೋದಕ್ಕೆ ಮುನಿಸಿಪಲ್ ಕ್ಯಾಂಪಿಂಗ್ ಅನ್ನೋದು ದೊಡ್ಡ ವರ. ಊರ ಪಂಚಾಯ್ತಿನೇ ನಡೆಸೋದು, ಒಬ್ಬರಿಗೆ ಒಂದು ಟೆಂಟಿಗೆ ಹೆಚ್ಚು ಕಡೆ ಹತ್ತು-ಹದಿನೈದು ಯೂರೋ ಒಳಗೆ, ಬಿಸಿನೀರು ಇರುತ್ತೆ. ಇಲ್ಲೂ ಅದೇ ಗಡಿಯಾರ, ಆಫೀಸು ಬೆಳಿಗ್ಗೆ ಸ್ವಲ್ಪ ಹೊತ್ತು, ಸಾಯಂಕಾಲ ಐದರಿಂದ ಏಳು. ಯಾರೂ ಇಲ್ಲದಿದ್ರೆ ಟೆಂಟ್ ಹಾಕ್ಕೊಳ್ಳಿ, ಸಾಯಂಕಾಲ ಯಾರಾದ್ರೂ ಬಂದು ದುಡ್ಡು ತಗೋತಾರೆ. ಎಷ್ಟೋ ಕಡೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಗೋಡೆ ಮನೆನೇ ಬೇಕು ಅನ್ನೋರು 'ಅಕ್ಯೂಯಿ ವೆಲೋ' ಅನ್ನೋ ಗುರುತು ನೋಡಿ, ಸೈಕಲ್ ಮಾರ್ಗದಿಂದ ಐದು ಕಿಲೋಮೀಟರ್ ಒಳಗಿರೋ, ಸೈಕಲ್ ಇಡೋಕೆ ಭದ್ರವಾದ ಜಾಗ ಇರೋ ಹೋಟೆಲು ಮನೆಗಳಿಗೆ ಮಾತ್ರ ಅದನ್ನ ಕೊಡ್ತಾರೆ. ಯಾರದೋ ಹೊಲದಲ್ಲಿ ಕೇಳದೆ ಟೆಂಟ್ ಹಾಕಬಾರದು. ಕೇಳಿದ್ರೆ ಬೇಡ ಅನ್ನೋರು ನನಗಂತೂ ಸಿಗಲಿಲ್ಲ.

ಒಬ್ಬಳೇ ಹೆಂಗಸು ಭಯ ಆಗಲಿಲ್ವಾ ಅಂತ ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ರು. ಅಲ್ಲಿನವರೂ ಒಬ್ಬಳೇನಾ ಅಂತ ಕೇಳ್ತಿದ್ರು, ಆದ್ರೆ ಅದಾದ್ಮೇಲಿನ ಪ್ರಶ್ನೆ ಸಾಮಾನ್ಯವಾಗಿ ಎಷ್ಟು ಕೆಜಿ ಸಾಮಾನು ಅಂತ. ಒಬ್ಬರೇ ಇದ್ರೆ ಜನ ಮಾತಾಡಿಸ್ತಾರೆ, ಇದು ಗುಂಪಲ್ಲಿ ಹೋಗೋರಿಗೆ ಸಿಗಲ್ಲ. ಒಂದೇ ಶರತ್ತು, ಯಾವ ಅಂಗಡಿಗೆ ಕಾಲಿಟ್ರೂ ಮೊದಲು ಬೊಂಜೂರ್ ಅನ್ನಬೇಕು, ಅದಿಲ್ಲದೆ ನೇರ ಬ್ರೆಡ್ ಎಷ್ಟು ಅಂತ ಕೇಳಿದ್ರೆ ಮುಖ ಗಂಟಾಗುತ್ತೆ. ಊರ ಹೆಸರಿನ ಬೋರ್ಡುಗಳು ಕೆಲವು ಕಡೆ ತಲೆಕೆಳಗಾಗಿದ್ವು, ಕಿಡಿಗೇಡಿಗಳ ಕೆಲಸ ಅಂದ್ಕೊಂಡಿದ್ದೆ, ಒಬ್ಬ ಹಾಲಿನ ರೈತ ವಿವರಿಸಿದ್ರು: 2023ರ ಕೊನೆಲಿ ತಾರ್ನ್ ಜಿಲ್ಲೆಯ ಯುವ ರೈತರು ಶುರು ಮಾಡಿದ ಪ್ರತಿಭಟನೆ ಅದು, ಸರ್ಕಾರದ ನಿಯಮಗಳೆಲ್ಲ ತಲೆಕೆಳಗು ಅಂತ ತೋರ್ಸೋಕೆ. ನಾನು ಹೋದ 2024ರ ಜೂನ್‌ನಲ್ಲೇ ಸಂಸತ್ತು ವಿಸರ್ಜನೆ ಆಗಿ ಚುನಾವಣೆ ಬಂದಿತ್ತು, ಪಂಚಾಯ್ತಿ ಮುಂದೆಲ್ಲ ಪೋಸ್ಟರ್ ಅಂಟಿಸೋ ತಗಡಿನ ಹಲಗೆ ಸಾಲು. ಅದರ ಪಕ್ಕದಲ್ಲೇ 1914-18ರ ಯುದ್ಧದಲ್ಲಿ ಸತ್ತವರ ಕಲ್ಲು, ಎಂಥಾ ಚಿಕ್ಕ ಊರಲ್ಲೂ ಒಂದಿರುತ್ತೆ, ಒಂದೇ ಮನೆತನದ ಹೆಸರು ಮೂರು ನಾಲ್ಕು ಸಲ. ನೆರಳಿದೆ ಅಂತ ಅಲ್ಲಿ ಕೂತು ಬ್ರೆಡ್ ತಿನ್ನುವಾಗ ಓದದೇ ಇರೋಕಾಗಲ್ಲ.

ಬೈಯೋದೂ ಇದೆ. ವುವಾ ವೆರ್ತ್ ಅನ್ನೋ, ಕಾರು ಬೈಕು ಬರಬಾರದ ಹಸಿರು ದಾರಿಗಳಿಗೆ ಬೈಕಿನವರು ನುಗ್ಗದ ಹಾಗೆ ಅಡ್ಡಗಟ್ಟೆ ಇಟ್ಟಿದಾರೆ, ಎರಡು ಬ್ಯಾಗ್ ಇರೋ ಸೈಕಲ್ ಅದರಲ್ಲಿ ತೂರಲ್ಲ, ಪ್ರತಿ ಸಲ ಇಳಿದು, ಬ್ಯಾಗ್ ಬಿಚ್ಚಿ, ಎತ್ತಿ ದಾಟಿಸಬೇಕು. ದಕ್ಷಿಣದ ಕನಾಲ್ ದು ಮಿದಿ ಅನ್ನೋ ಕಾಲುವೆ ಪಕ್ಕದ ದಾರಿ ಚೆನ್ನಾಗಿದೆ ಅಂತ ನಿಮ್ಮ ಬರಹದಲ್ಲಿತ್ತಲ್ಲ, ತುಲೂಸಿಂದ ಸುಮಾರು ಐವತ್ತು ಕಿಲೋಮೀಟರ್ ಮಾತ್ರ ಟಾರು, ಆಮೇಲೆ ತುಂಬಾ ಕಡೆ ಮಣ್ಣು ದಾರಿ, ಮರದ ಬೇರು. 1681ರಲ್ಲಿ ಮುಗಿದ ಆ ಕಾಲುವೆ ಪಕ್ಕದ ಪ್ಲೇನ್ ಮರಗಳಿಗೆ 2006ರಿಂದ ಶಿಲೀಂಧ್ರ ರೋಗ ಬಿದ್ದು ಸಾವಿರಾರು ಮರ ಕಡಿದಿದಾರೆ, ಹಾಗಾಗಿ ಹಳೇ ಫೋಟೋದ ನೆರಳು ಎಲ್ಲ ಕಡೆ ಸಿಗಲ್ಲ.

ರೈಲಿನ ವಿಷಯ ಚಿಕ್ಕದಾಗಿ. ಟಿಇಆರ್ ಅನ್ನೋ ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ ಸಾಮಾನ್ಯವಾಗಿ ಫ್ರೀ, ಬೇಸಿಗೆಲಿ ಕೆಲವು ಕಡೆ ಮೊದಲೇ ಬುಕ್ ಮಾಡಬೇಕು. ಟಿಜಿವಿ ಅನ್ನೋ ಅತಿವೇಗದ ರೈಲುಗಳಲ್ಲಿ ಸೈಕಲ್ ಜಾಗ ಇರೋದಕ್ಕೆ 2024ರಲ್ಲಿ 10 ಯೂರೋ ಇತ್ತು, ಜಾಗ ಕಮ್ಮಿ, ಬೇಗ ತುಂಬುತ್ತೆ. ಇಲ್ಲಾಂದ್ರೆ ಚಕ್ರ ಬಿಚ್ಚಿ 130 x 90 ಸೆಂಟಿಮೀಟರ್ ಚೀಲಕ್ಕೆ ತುಂಬಬೇಕು. ವೀಸಾಕ್ಕೆ 30 ಸಾವಿರ ಯೂರೋ ಕವರ್ ಇರೋ ಇನ್ಶೂರೆನ್ಸೂ, ಎಲ್ಲಿ ಉಳ್ಕೋತೀರ ಅನ್ನೋ ದಾಖಲೆಯೂ ಕೇಳ್ತಾರೆ, ಟೆಂಟಲ್ಲಿ ಅಂದ್ರೆ ಒಪ್ಪಲ್ಲ, ಹಾಗಾಗಿ ಕ್ಯಾಂಪಿಂಗ್‌ಗಳಿಂದಾದ್ರೂ ಬುಕಿಂಗ್ ಇಟ್ಕೊಳ್ಳಿ. ತುರ್ತು ನಂಬರ್ 112.

ಕೊನೆಗೆ, ಜುಲೈ-ಆಗಸ್ಟ್ ಬೆಸ್ಟ್ ಅಂತ ಬರೆದಿದ್ದೂ ಸರಿಯಲ್ಲ. ಆಗ ಬಿಸಿಲು ಜಾಸ್ತಿ, ಕ್ಯಾಂಪಿಂಗ್ ಫುಲ್ಲು, ಆಗಸ್ಟಲ್ಲಂತೂ ಬೇಕರಿಯವರೇ ರಜ ಹೋಗಿರ್ತಾರೆ. ಜೂನ್‌ನಲ್ಲಿ ಹೋಗಿ, ರಾತ್ರಿ ಹತ್ತರವರೆಗೂ ಬೆಳಕಿರುತ್ತೆ, ಮಧ್ಯಾಹ್ನ ಎರಡು ಗಂಟೆ ಮರದ ಕೆಳಗೆ ಮಲಗಿ ಎದ್ದು ಹೊರಟ್ರೂ ಮುಂದಿನ ಊರು ಸಿಗುತ್ತೆ. ಮುಂದಿನ ಸಲ ಇಂಥ ಬರಹ ಹಾಕುವಾಗ ಸೈಕಲ್ ರೇಟಿನ ಬಾಕ್ಸ್ ಜಾಗದಲ್ಲಿ ಭಾನುವಾರ ಸೋಮವಾರದ ಅಂಗಡಿ ಟೈಮಿಂಗ್ ಹಾಕಿ ಅಂತ ಕೇಳ್ಕೋತೀನಿ.

ಇಂತಿ,
ನಿಮ್ಮ ಖಾಯಂ ಓದುಗಳು